ಅವ್ವನಿಗೆ ಬೆಚ್ಚಗಿನ ನೀರು

ಹಾನಗಲ್ಲಿನ ಆ ಸಣ್ಣ ಕ್ರೈಸ್ತ ಸಭೆಯಲ್ಲಿ ಹೆಂಗಸರು ಯಾರಾದರೂ ತೀರಿಕೊಂಡರೆ ಮೊದಲು ಫೋನು ಹೋಗುವುದು ಪಾದ್ರಿಯವರಿಗಲ್ಲ, ಸುವಾರ್ತಾಳಿಗೆ. ಮೈ ತೊಳೆಸಿ, ತಲೆ ಬಾಚಿ, ಬಿಳಿ ಸೀರೆ ಉಡಿಸಿ ಪೆಟ್ಟಿಗೆಯಲ್ಲಿ ಮಲಗಿಸುವುದು ಸಭೆಯ ಹೆಂಗಸರೆಲ್ಲರ ಕೆಲಸ ಎಂದು ಮಾತಿಗೆ ಹೇಳುತ್ತಾರೆ. ಎಲ್ಲರ ಕೆಲಸ ಕೊನೆಗೆ ಒಬ್ಬರ ಕೊರಳಿಗೇ ಬೀಳುವುದು ಲೋಕದ ರೂಢಿ. ಶಿಗ್ಗಾಂವಿಯಿಂದ ಕರೆದರೂ ಹೋದಳು, ಹಿರೇಕೆರೂರಿನಿಂದ ಕರೆದರೂ ಹೋದಳು. ಮೈಯಲ್ಲಿ ಜ್ವರವಿದ್ದಾಗಲೂ ಹೋದಳು. ಒಲ್ಲೆ ಎಂದರೆ ಪ್ರೀತಿ ಕಡಿಮೆಯಾದಂತೆ ಎಂದು ಅವಳಿಗೆ ಯಾರು ಕಲಿಸಿದರೋ! ಸಭೆಯವರು ಅವಳ ದೀನತೆಯನ್ನು ಹೊಗಳಿ ಕೈ ತೊಳೆದುಕೊಂಡರು. ಹೊಗಳಿಕೆ ಬಹಳ ಸೋವಿ.

ಅವಳದು ಒಂದೇ ಹಟ, ನೀರು ಬೆಚ್ಚಗಿರಬೇಕು. ಕೂಸಿಗೆ ಎರೆಯುವವರ ಹಾಗೆ ಮೊಣಕೈ ಅದ್ದಿ ನೋಡುತ್ತಿದ್ದಳು.

"ಸತ್ತವರಿಗೆ ಎಂಥಾ ಥಂಡಿ ಬಿಡವಾ," ಎಂದು ಸಭೆಯ ಹಿರಿಯ ಸಮುವೇಲಪ್ಪನ ಹೆಂಡತಿ ದಾನವ್ವ ನಗುತ್ತಿದ್ದಳು.

ಹೋದ ಸೋಮವಾರ ಬೆಳಿಗ್ಗೆ ಸುವಾರ್ತಾಳ ತಾಯಿ ರಾಹೇಲವ್ವ ತೀರಿಕೊಂಡಳು. ಮಗಳ ಕೈ ತಾನಾಗಿಯೇ ಹಂಡೆಯ ಕಡೆ ಹೋಯಿತು. ಬಾಚಣಿಕೆ ತೆಗೆದಿಟ್ಟಳು, ಸೀರೆ ತೆಗೆದಿಟ್ಟಳು. ಅಳು ಬರಲಿಲ್ಲ. ಅವ್ವನ ಗಲ್ಲ ಮುಟ್ಟಿದರೆ ಶಿಗ್ಗಾಂವಿಯ ಯಾವುದೋ ಮುದುಕಿಯ ಗಲ್ಲ ಮುಟ್ಟಿದಂತಾಯಿತು. ಆಗ ಅವಳಿಗೆ ಹೆದರಿಕೆಯಾಯಿತು. ಇವಳನ್ನೂ ಹೀಗೇ ತೊಳೆದು ಕಳಿಸಿಬಿಟ್ಟರೆ, ತಾಯಿ ಸತ್ತದ್ದು ತನಗೆ ಎಂದಿಗೂ ತಿಳಿಯುವುದಿಲ್ಲ ಎನಿಸಿತು.

ಅಷ್ಟರಲ್ಲಿ ಸಮುವೇಲಪ್ಪ ಹೆಂಡತಿಯೊಂದಿಗೆ ಬಂದ.

"ಸುವಾರ್ತವ್ವ, ಸವಣೂರಿಂದ ಪೆಟ್ಟಿಗಿ ಬಂತು. ಲಗೂನ ಮೈ ತೊಳಸಿಬಿಡವಾ, ಮೂರಕ್ಕ ಮಣ್ಣು."

"ನಾ ತೊಳಸಂಗಿಲ್ರಿ."

"ಹಂಗಂದ್ರ ಹ್ಯಾಂಗ? ನಿನಗ ರೂಢಿ ಐತಿ."

"ರೂಢಿ ಐತಿ, ಅದಕ್ಕ ಒಲ್ಲೆ. ಇವತ್ತ ನಾ ಮಗಳು. ನಿಮ್ಮ ಮ್ಯಾಲ ಸಿಟ್ಟಿಲ್ರಿ. ದಾನಕ್ಕಾರ, ಈ ಸಲ ನೀವ ಮಾಡ್ರಿ."

"ವಿಶ್ವಾಸಿ ಆದಾಕಿ ಹಿಂಗ ಅನಬಾರದವ್ವ," ಎಂದ ಸಮುವೇಲಪ್ಪ.

"ಯೇಸುಸ್ವಾಮಿನೂ ಒಮ್ಮೊಮ್ಮೆ ಮಂದೀನ ಬಿಟ್ಟು ಗುಡ್ಡಕ್ಕ ಹೋಗ್ತಿದ್ನಲ್ರಿ."

ಅವಳ ದನಿ ಏರಲಿಲ್ಲ. ಮಾತಿಗೊಮ್ಮೆ 'ತಪ್ಪು ತಿಳೀಬ್ಯಾಡ್ರಿ' ಎನ್ನುತ್ತಿದ್ದವಳು ಅಂದು ಅದನ್ನೂ ಅನ್ನಲಿಲ್ಲ. ಸಮುವೇಲಪ್ಪ ಹೆಂಡತಿಯ ಮುಖ ನೋಡಿದ. ದಾನವ್ವ ಸೆರಗು ಸಿಗಿಸಿಕೊಂಡು, ನೆರೆದಿದ್ದ ಇನ್ನಿಬ್ಬರು ಹೆಂಗಸರನ್ನು ಕರೆದುಕೊಂಡು ಒಳಗೆ ಹೋದಳು.

ಸುವಾರ್ತಾ ಗೋಡೆಗೆ ಒರಗಿ ಕುಳಿತಳು. ದುಃಖವಿಲ್ಲ, ಸಮಾಧಾನವೂ ಇಲ್ಲ. ಒಳಗೆ ಕೊಡ ಇಟ್ಟ ಸದ್ದಾಯಿತು. ಯಾರೋ "ಇಷ್ಟ ಸಾಕು, ಹಾಕ್ರಿ" ಎಂದರು.

"ತಡೀರಿ," ಎಂದಿತು ದಾನವ್ವನ ದನಿ. "ನೀರು ಇನ್ನೂ ತಣ್ಣಗದಾವ. ಮುದುಕಿಗೆ ಥಂಡಿ ಆಗತೈತಿ."

ಎದ್ದು ಒಳಗೆ ಹೋಗಬೇಕೆಂಬ ಹಳೆಯ ಚಾಳಿ ಸುವಾರ್ತಾಳ ಮೊಣಕಾಲಿಗೆ ಬಂತು. ಅದನ್ನು ಅದುಮಿಕೊಂಡು ಕುಳಿತಳು. ಅಳು ಇನ್ನೂ ಬರಲಿಲ್ಲ. ಬಾಗಿಲಲ್ಲಿ ಏನು ಮಾಡಬೇಕೆಂದು ತಿಳಿಯದೆ ನಿಂತಿದ್ದ ಸಮುವೇಲಪ್ಪನ ಕಡೆ ನೋಡಿದಳು.

"ಇಲ್ಲೆ ನನ್ನ ಬಾಜೂಕ ಕುಂದರ್ರಿ," ಎಂದಳು. "ನಮ್ಮವ್ವ ಸತ್ತಾಳ್ರಿ."