ಒಂದು ಮೊಳದ ಮೆಟ್ಟಿಲು

ನನ್ನ ಗಂಡನನ್ನು ಕೊಂದದ್ದು ಮುನೇಶ್ವರನಲ್ಲ. ಟ್ರ್ಯಾಕ್ಟರಿನ ಹಿಂದಿನ ಎರಡು ಚಕ್ರ ಇರಬೇಕಾದ್ದಕ್ಕಿಂತ ಒಂದು ಮೊಳ ಹತ್ತಿರ ಇದ್ದವು, ಅಷ್ಟೇ. ಯಾಕೆ ಹತ್ತಿರ ಇದ್ದವು ಅಂದರೆ, ಮನೆ ಪಕ್ಕದ ಸಂದಿಯಲ್ಲಿ ನಾನು ಕಟ್ಟಿಸಿದ ಮೆಟ್ಟಿಲು ಒಂದು ಮೊಳ ಮುಂದಕ್ಕೆ ಬಂದಿತ್ತು. ಊರಿನವರು ಬೇರೆ ಕಥೆ ಹೇಳುತ್ತಾರೆ. ಅದನ್ನೂ ಹೇಳುತ್ತೇನೆ, ಕೂತುಕೊಳ್ಳಿ.

ಮೊನ್ನೆ ಶುಕ್ರವಾರ ಬೆಳಿಗ್ಗೆ ಹಿತ್ತಲಿನಿಂದ ನಿಂಬೆಹಣ್ಣು ಅರೆದ ವಾಸನೆ ಬಂತು. ಆ ವಾಸನೆಗೆ ಉಪ್ಪಿನಕಾಯಿ ನೆನಪಾಗುವವರು ಪುಣ್ಯವಂತರು. ನನಗೆ ಟೈರು ನೆನಪಾಗುತ್ತದೆ. ಹೋಗಿ ನೋಡಿದರೆ ನನ್ನ ಮಗ ಸೀನ ಟ್ರ್ಯಾಕ್ಟರಿಗೆ ಪೂಜೆ ಮುಗಿಸಿ, ಚಕ್ರಕ್ಕೊಂದು ನಿಂಬೆಹಣ್ಣು ಇಟ್ಟು, ಗಾಡಿಯನ್ನು ಅದರ ಮೇಲೆ ಹತ್ತಿಸಿ ಇಳಿಸಿದ್ದ.

"ಏನೋ ಇವತ್ತು? ಆಯುಧಪೂಜೆ ಇನ್ನೂ ಎಲ್ಲೈತೆ?"

"ಇಂದಿರಾನಗರದ ಡಾಕ್ಟ್ರು ಒಬ್ರು ಗುಡ್ಡ ತಗೊಂಡವ್ರಲ್ಲಮ್ಮ, ಮಾವಿನ ಗಿಡ ನೆಟ್ಟವ್ರೆ. ಸಾಲು ಮಧ್ಯೆ ಉಳೋದು, ಹುಲ್ಲು ಹೊಡಿಯೋದು ಎಲ್ಲಾ ನಂಗೇ ಕೊಟ್ಟವ್ರೆ. ನಾಳೆಯಿಂದ ಶುರು."

"ಯಾವ ಗುಡ್ಡ?"

ಅವನು ತಲೆ ಎತ್ತಲಿಲ್ಲ. "ನಮ್ದರ ಪಕ್ಕದ್ದೇ. ಮುನೇಶ್ವರಂಗೆ ಎಲ್ಲಾ ಮಾಡ್ಸಿದೀನಿ, ನೀನೇನು ತಲೆ ಕೆಡಿಸ್ಕೋಬೇಡ."

ನಾನು ಹಿಂದಿನ ಚಕ್ರ ನೋಡಿದೆ. ಅವರಪ್ಪ ಬಿಟ್ಟುಹೋದಾಗ ಹೇಗಿದ್ದವೋ ಹಾಗೇ ಇದ್ದವು.

ಈ ಗಾಡಿಯನ್ನು ನಾವು ತಂದದ್ದು ದ್ರಾಕ್ಷಿಗೆ. ಕೆ.ಆರ್. ಪುರಂ ಆಚೆ ನಮ್ಮ ಹಳ್ಳಿಯ ಸುತ್ತ ಆಗ ಕಪ್ಪು ದ್ರಾಕ್ಷಿಯ ಚಪ್ಪರವೇ ಚಪ್ಪರ. ಹಣ್ಣು ತುಂಬಿಕೊಂಡು ಶಿವಾಜಿನಗರದ ಮಾರ್ಕೆಟ್ಟಿಗೆ ಹೋಗುತ್ತಿದ್ದೆವು. ಅಲ್ಲಿಯ ಸಾಬರು ಒಂದು ಗೊಂಚಲು ಎತ್ತಿ ಬಿಸಿಲಿಗೆ ಹಿಡಿದು, "ಕ್ಯಾ ಅಮ್ಮಾ, ಹುಳಿ ಐತೆ" ಅನ್ನುವರು. "ಹುಳಿ ಇದ್ರೆ ಉಗುಳಪ್ಪ, ನುಂಗ್ತಾ ಇದೀಯಲ್ಲ" ಅನ್ನುವೆ ನಾನು. ಯಜಮಾನರು ಪಕ್ಕದಲ್ಲಿ ನಿಂತು ನಗುವರು, ಮಾತು ನನಗೇ ಬಿಡುವರು. ನಂಜಪ್ಪ ಅಂತ ಅವರ ಹೆಸರು. ಒಳ್ಳೆಯ ಮನುಷ್ಯ. ನನಗೆ ಎದುರು ಮಾತಾಡುವುದನ್ನು ಮದುವೆಯಾದ ಹತ್ತು ವರ್ಷಕ್ಕೇ ಬಿಟ್ಟಿದ್ದರು. ಆಗ ನಾನು ಅದನ್ನು ನನ್ನ ಗೆಲುವು ಅಂದುಕೊಂಡಿದ್ದೆ.

ಚಪ್ಪರದ ಕಲ್ಲುಕಂಬಗಳ ನಡುವೆ ದೊಡ್ಡ ಟ್ರ್ಯಾಕ್ಟರು ಹೋಗುವುದಿಲ್ಲ. ಅದಕ್ಕೇ ಈ ಕುಳ್ಳ ಗಾಡಿ. ಅದರಲ್ಲೂ ಹಿಂದಿನ ಚಕ್ರದ ನಡುವಿನ ಕಬ್ಬಿಣದ ತಟ್ಟೆಯನ್ನು ತಿರುವಿ ಹಾಕಿ, ಚಕ್ರವನ್ನು ಒಳಕ್ಕೆ ಎಳೆದುಕೊಂಡಿದ್ದೆವು. ಹೊರಕ್ಕೆ ತಿರುವಿದರೆ ಒಂದೊಂದು ಬದಿಗೆ ಒಂದೊಂದು ಗೇಣು ಅಗಲವಾಗುತ್ತದೆ, ಎರಡೂ ಸೇರಿದರೆ ಒಂದು ಮೊಳ. ಸಮತಟ್ಟು ತೋಟದಲ್ಲಿ ಕಿರಿದಾಗಿದ್ದರೇ ಚೆಂದ. ಸಂತೆಯಲ್ಲಿ ನುಸುಳುವ ಮುದುಕಿಯ ಹಾಗೆ ಎಲ್ಲೂ ತಗಲದೆ ಓಡಾಡುತ್ತಿತ್ತು.

ಆಮೇಲೆ ತೋಟದ ಜಾಗಕ್ಕೆ ಲೇಔಟಿನವರು ಬಂದರು. ಬಳ್ಳಿ ಕಿತ್ತರು, ಕಂಬಗಳು ಯಾರ್‍ಯಾರದೋ ಸೈಟಿನ ಬೇಲಿಗೆ ಹೋದವು. ನಮಗೆ ಉಳಿದದ್ದು ಗುಡ್ಡದ ಇಳಿಜಾರಿನ ಎರಡು ಎಕರೆ, ಹುರುಳಿ ಚೆಲ್ಲುವ ಜಾಗ. ಎಲ್ಲರ ಹಾಗೆ ನಾವೂ ಮನೆ ಮೇಲೆ ಮನೆ ಎಬ್ಬಿಸಿದೆವು. ರಾಮಮೂರ್ತಿ ನಗರದ ಕಡೆ ಬಾಡಿಗೆಯವರು ತುಂಬಿ ತುಳುಕಿ ನಮ್ಮ ಹಳ್ಳಿಗೂ ಬರತೊಡಗಿದ್ದರು. ಮೇಲಿನ ಮನೆಗೆ ಹತ್ತಲು ಹೊರಗಿನಿಂದ ಮೆಟ್ಟಿಲು ಬೇಕಲ್ಲ? ಮೇಸ್ತ್ರಿ ನೆಟ್ಟಗೆ ಕಡಿದಾಗಿ ಕಟ್ಟೋಣ ಅಂದ. ನಾನು ಬೇಡ ಅಂದೆ. ಕೆಳಗಿನ ಮೂರು ಮೆಟ್ಟಿಲು ಅಗಲವಾಗಿ, ಒಂದು ಸುತ್ತು ತಿರುಗಿ, ಸಂದಿಯ ಕಡೆ ಇಳಿಯಬೇಕು. ಹಲಸೂರಿನಲ್ಲಿ ಯಾರದೋ ಬಂಗಲೆಯಲ್ಲಿ ನೋಡಿದ್ದೆ. ರೆಡ್ ಆಕ್ಸೈಡ್ ಹಾಕಿಸಿ, ಮುಖ ಕಾಣುವ ಹಾಗೆ ತಿಕ್ಕಿಸಿದೆ. ದಿನಾ ಸಾಯಂಕಾಲ ಅಲ್ಲಿ ಕೂತು ಬೀದಿ ನೋಡುವುದು ನನ್ನ ದರ್ಬಾರು. ಹಿತ್ತಲಿಗೆ ಹೋಗುವ ಗಾಡಿಗೆ ಆಮೇಲೆ ಉಳಿದ ದಾರಿ, ಒಳಕ್ಕೆ ಎಳೆದುಕೊಂಡ ಚಕ್ರಕ್ಕೆ ಸರಿಯಾಗಿ ಇತ್ತು. ಒಂದು ಬೆರಳೂ ಹೆಚ್ಚಿಗೆ ಇರಲಿಲ್ಲ.

ಎತ್ತು ಮಾರಿದ ಮೇಲೆ ಯಜಮಾನರು ಗುಡ್ಡವನ್ನೂ ಟ್ರ್ಯಾಕ್ಟರಿನಲ್ಲೇ ಉಳಲು ಹೊರಟರು. ಅದೂ ಅಡ್ಡಡ್ಡ. ನಮ್ಮ ಮಾವನ ಕಾಲದಿಂದ ಆ ಗುಡ್ಡವನ್ನು ಅಡ್ಡವೇ ಉತ್ತದ್ದು, ಮಳೆ ಬಂದರೆ ಮಣ್ಣು ಕೊಚ್ಚಿಹೋಗಬಾರದಲ್ಲ. ಎತ್ತಿಗೆ ಅದು ಸರಿ. ಎತ್ತು ಓರೆಯಲ್ಲಿ ನಿಂತಾಗ ಮೇಲಿನ ಕಾಲು ಮಡಿಸಿ ಕೆಳಗಿನ ಕಾಲು ಊರುತ್ತದೆ. ಕಬ್ಬಿಣಕ್ಕೆ ಮೊಣಕಾಲು ಎಲ್ಲಿಂದ ಬರಬೇಕು?

ಇದನ್ನು ಮೊದಲು ಹೇಳಿದವನು ಮರ್ಫಿ ಟೌನಿನ ಬಾಬು ಭಾಯಿ. ನಮ್ಮ ಗಾಡಿ ಬಿಚ್ಚಿ ಜೋಡಿಸುತ್ತಿದ್ದವನು ಅವನೇ. ಒಂದು ಸಲ ಕ್ಲಚ್ಚು ನೋಡಲು ಬಂದವನು ಹಿಂದೆ ಕುಕ್ಕರುಗಾಲಲ್ಲಿ ಕೂತು ಚಕ್ರ ನೋಡಿ, ಬೀಡಿ ಬಾಯಿಂದ ತೆಗೆದ.

"ಕ್ಯಾ ಗೌಡ್ರೇ, ದ್ರಾಕ್ಷಿ ಹೋಗಿ ಎಷ್ಟು ದಿನ ಆಯ್ತು? ಚಕ್ಕ ಇನ್ನೂ ಒಳಗೇ ಐತೆ? ಗುಡ್ಡದ ಮೇಲೆ ಅಡ್ಡ ಓಡಿಸ್ತೀರಿ, ಒಂದ್ ಕಲ್ಲು ಹತ್ತಿದ್ರೆ ಖತಂ. ಹೊರಗೆ ಹಾಕ್ಸಿ. ಟೈರಿಗೆ ನೀರು ತುಂಬ್ಸಿ, ಕೆಳಗೆ ಭಾರ ಇರ್ಲಿ. ನೇಗಿಲು ಮೇಲೆತ್ಕೊಂಡು ಓರೇಲಿ ತಿರುಗ್ಬೇಡಿ. ಮೇಲಿಂದ ಕೆಳಗೆ ನೆಟ್ಟಗೆ ಉಳುಮೆ ಮಾಡಿ."

ಯಜಮಾನರು ನೀರು ತುಂಬಿಸಿದರು. ಚಕ್ರದ ಮಾತು ಬಂದಾಗ ನನ್ನ ಮುಖ ನೋಡಿದರು.

"ಮೆಟ್ಟಿಲು ಒಂಚೂರು ಒಳಕ್ಕೆ ತಗೊಳ್ಳಾಣ ಕಣೆ. ಇಲ್ಲಾಂದ್ರೆ ಗಾಡಿ ರೋಡಲ್ಲೇ ನಿಲ್ಲುಸ್ತೀನಿ."

"ರೋಡಲ್ಲಿ ನಿಲ್ಸಿದ್ರೆ ಬೆಳಗಾಗೋದ್ರಲ್ಲಿ ಬ್ಯಾಟರಿ ಇರಲ್ಲ. ಹತ್ತು ವರ್ಷದಿಂದ ಬೀಳ್ದೆ ಇದ್ದಿದ್ದು ಈಗ ಬೀಳ್ತದಾ? ನಿಮ್ಮ ಗಾಡಿಗೋಸ್ಕರ ನನ್ನ ಮೆಟ್ಟಿಲು ಒಡೆಯಕ್ಕಾಗಲ್ಲ."

ಬಾಬು ಭಾಯಿ ನಕ್ಕ. ಯಜಮಾನರೂ ನಕ್ಕರು. ಮಾತು ಅಲ್ಲಿಗೆ ಮುಗಿಯಿತು. ನನಗೆ ತಿಳಿಯದ ವಿಷಯವೇ ಅದು? ನಾನು ಓದಿದ್ದು ಮೂರನೇ ಕ್ಲಾಸು. ಆದರೆ ಆ ಗುಡ್ಡಕ್ಕೆ ತಲೆ ಮೇಲೊಂದು ಕೊಡ, ಸೊಂಟದಲ್ಲೊಂದು ಕೊಡ ಹೊತ್ತು ವರ್ಷಗಟ್ಟಲೆ ಹತ್ತಿದವಳು. ಓರೆಯಲ್ಲಿ ನಡೆಯುವಾಗ ಕಾಲು ಅಗಲಿಸಿ ಇಡಬೇಕೆಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಗೊತ್ತಿದ್ದೇ ಬೇಡ ಅಂದೆ.

ಅದಾಗಿ ಹದಿನೈದು ದಿನಕ್ಕೆ ಗಾಡಿ ಬಿತ್ತು. ನಾನು ಮುದ್ದೆ, ಸೊಪ್ಪಿನ ಸಾರು ತೆಗೆದುಕೊಂಡು ಗುಡ್ಡದ ಬುಡದಲ್ಲಿದ್ದೆ. ಮೇಲಿನ ಚಕ್ರ ಮಣ್ಣಲ್ಲಿ ಹುದುಗಿದ್ದ ಕಲ್ಲೊಂದನ್ನು ಹತ್ತಿತು. ಗಾಡಿ ಒಂದು ಕ್ಷಣ ಯೋಚನೆ ಮಾಡುವ ಹಾಗೆ ನಿಂತಿತು. ಆಮೇಲೆ ಮಗುಚಿತು. ಸಿನಿಮಾದಲ್ಲಿ ತೋರಿಸುವ ಹಾಗೆ ಸದ್ದೇನೂ ಬರಲಿಲ್ಲ, ರಾಗಿ ಮೂಟೆ ಇಳಿಸಿದಷ್ಟೇ. ಅವರು ಹಾರಲಿಲ್ಲ. ಹಾರುವ ವಯಸ್ಸೂ ಅಲ್ಲ. ಸ್ಟೀರಿಂಗ್ ಎದೆಯ ಮೇಲಿತ್ತು, ಮೇಲಿನ ಚಕ್ರ ಗಾಳಿಯಲ್ಲಿ ಸುತ್ತುತ್ತಲೇ ಇತ್ತು. ನಾನು ಹೋಗಿ ಕೂಗಿದಾಗ ಕಣ್ಣು ಬಿಟ್ಟು, "ಆಫ್ ಮಾಡೇ" ಅಂದರು. ಎಲ್ಲಿ ಆಫ್ ಮಾಡುವುದೆಂದು ನನಗೆ ಗೊತ್ತಿರಲಿಲ್ಲ. ಅಷ್ಟು ವರ್ಷ ಗಾಡಿ ಮನೆಯಲ್ಲಿದ್ದರೂ ಕೇಳಿ ತಿಳಿದುಕೊಂಡಿರಲಿಲ್ಲ. ಜನ ಬಂದು ಎತ್ತುವಷ್ಟರಲ್ಲಿ ಅವರೂ ಇರಲಿಲ್ಲ, ಎಂಜಿನ್ನೂ ತಾನಾಗಿ ನಿಂತಿತ್ತು.

ಮೂರನೇ ದಿನ ನಾದಿನಿ ರತ್ನಮ್ಮ ಕಾರಣ ಹುಡುಕಿಕೊಂಡು ಬಂದಳು. ಚಕ್ರ ಹತ್ತಿದ ಕಲ್ಲು ಬರೀ ಕಲ್ಲಲ್ಲವಂತೆ. ಹಿಂದೆ ಯಾವುದೋ ಕಾಲದಲ್ಲಿ ಅಲ್ಲಿ ಮುನೇಶ್ವರನಿಗೆ ಎಡೆ ಇಡುತ್ತಿದ್ದರಂತೆ.

"ಅಣ್ಣ ತುಳಿದುಬಿಟ್ಟ ಅತ್ತಿಗೆ. ಅವನು ಸುಮ್ನೆ ಬಿಡ್ತಾನಾ?"

ಕೂತವರೆಲ್ಲ ಹೌದು ಹೌದು ಅಂದರು. ನಾನೂ ತಲೆಯಾಡಿಸಿದೆ. ದೇವರ ಮೇಲೆ ತಪ್ಪು ಹೊರಿಸಿದರೆ ಅನುಕೂಲ, ಅವನು ಬಂದು ಜಗಳಕ್ಕೆ ನಿಲ್ಲುವುದಿಲ್ಲ. ಕಲ್ಲಿಗೆ ಸುಣ್ಣ ಬಳಿದರು, ಕುರಿ ಕಡಿದರು. ನೂರು ಜನಕ್ಕೆ ಸಾರು ಬಡಿಸಿದವಳು ನಾನೇ. ಎಲ್ಲರೂ ಉಂಡು, ಪಾಪ, ದೇವರಾಟ ಅಂತ ಹೇಳಿ, ನನ್ನ ಮೆಟ್ಟಿಲ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡು ಎದ್ದುಹೋದರು. ಗಾಡಿಯೂ ಹೊಸ ಸ್ಟೀರಿಂಗ್ ಹಾಕಿಸಿಕೊಂಡು ಅದೇ ಸಂದಿಯಲ್ಲಿ, ಅದೇ ಚಕ್ರದಲ್ಲಿ ಒಳಗೆ ಬಂತು. ಬಾಬು ಭಾಯಿ ಆ ದಿನ ನನ್ನ ಕಡೆ ನೋಡಿದ. ಗಂಡ ಸತ್ತವಳ ಹತ್ತಿರ ಯಾರು ಏನು ಹೇಳುತ್ತಾರೆ?

ಆಗಿನಿಂದ ಎಂಟು ವರ್ಷ ಸೀನ ಸಮತಟ್ಟಿನಲ್ಲೇ ಓಡಿಸಿದ. ಇಟ್ಟಿಗೆ, ಮರಳು, ಲೇಔಟಿನ ಕೆಲಸ. ನಾನೂ ಮರೆತವಳ ಹಾಗೆ ಇದ್ದೆ. ಮೊನ್ನೆ ನಿಂಬೆಹಣ್ಣಿನ ಸಿಪ್ಪೆ ಟೈರಿಗೆ ಅಂಟಿರುವುದನ್ನು ನೋಡುತ್ತಾ ನಿಂತಾಗ, ಇನ್ನೊಂದು ಕುರಿಯ ಸಾರು ಬಡಿಸಲು ನನ್ನ ಕೈಲಾಗುವುದಿಲ್ಲ ಅನ್ನಿಸಿತು.

"ಸೀನ, ನಿಮ್ಮಪ್ಪನ್ನ ಸಾಯಿಸಿದ್ದು ಮುನೇಶ್ವರ ಅಲ್ಲ ಕಣೋ."

"ಹೊಸ ಕೆಲಸ ಶುರು ಮಾಡೋ ಹೊತ್ತಲ್ಲಿ ಬಿಡ್ತು ಅನ್ನಮ್ಮ."

"ಬಿಡ್ತು ಅನ್ನಲ್ಲ. ಬಾ ಇಲ್ಲಿ." ಅವನನ್ನು ಗಾಡಿ ಹಿಂದೆ ನಿಲ್ಲಿಸಿ, ನನ್ನ ಮೊಳಕೈ ಇಟ್ಟು ತೋರಿಸಿದೆ. ಬಾಬು ಭಾಯಿ ಹೇಳಿದ್ದು, ಅವರಪ್ಪ ಕೇಳಿದ್ದು, ನಾನು ಆಡಿದ್ದು, ಒಂದನ್ನೂ ಬಿಡದೆ ಹೇಳಿದೆ.

ಅವನು ಕೈಯಲ್ಲಿದ್ದ ಬಟ್ಟೆಯಿಂದ ಬಾನೆಟ್ಟಿನ ಕುಂಕುಮ ಒರೆಸಿದ, ಮತ್ತೆ ಒರೆಸಿದ.

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ಮೆಟ್ಟಿಲು ನಂದು. ಅದಕ್ಕೇ."

"ನಾನು ಆ ಕಲ್ಲಿಗೆ ವರ್ಷಾ ವರ್ಷಾ ಕೈ ಮುಗ್ದಿದೀನಿ" ಅಂದ. ದನಿ ಅವರಪ್ಪನದೇ. ಆಮೇಲೆ ಬಟ್ಟೆ ಬಿಸಾಕಿ, "ನಾಳೆ ಹೋಗ್ಲೇಬೇಕು, ಮಾತು ಕೊಟ್ಟಿದೀನಿ. ಚಕ್ರ ಹೊರಗೆ ಹಾಕ್ಸಿದ್ರೆ ಗಾಡಿ ಎಲ್ಲಿ ನಿಲ್ಸಲಿ? ನಿನ್ನ ಮೆಟ್ಟಿಲು ಅಲ್ಲೇ ಐತಲ್ಲ. ನಿಧಾನಕ್ಕೆ ಓಡಿಸ್ತೀನಿ ಬಿಡು" ಅಂದ. ಮಧ್ಯಾಹ್ನ ಊಟಕ್ಕೆ ಬರಲಿಲ್ಲ. ಸಾಯಂಕಾಲ ಬಂದವನು ನೆಟ್ಟಗೆ ಹೋಗಿ ಮಲಗಿದ. ಊಟಕ್ಕೆ ಏಳು ಅಂತ ನಾನು ಕರೆಯುವ ಹಾಗೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಹಾಲಿನವನು ಬಂದುಹೋದ ಮೇಲೆ ಹಾರೆ ತೆಗೆದುಕೊಂಡೆ. ಮೂರನೇ ಏಟಿಗೆ ರೆಡ್ ಆಕ್ಸೈಡ್ ಬಿರಿಯಿತು, ಒಳಗೆ ಬರೀ ಇಟ್ಟಿಗೆ. ಮೇಲಿನ ಮನೆಯ ಬಾಡಿಗೆಯವಳು ಶಾಂತವ್ವ, ರಾಯಚೂರಿನ ಕಡೆಯವಳು, ತಲೆ ಬಾಚುತ್ತಲೇ ಬಗ್ಗಿ ನೋಡಿದಳು.

"ಅಯ್ಯ, ಏನ್ ಮಾಡಾಕತ್ತೀರಿ ಅಮ್ಮಾರ?"

"ಮೆಟ್ಟಿಲು ಒಡೀತಾ ಇದೀನಿ. ಅಂಗಡಿಗೆ ಹೋಗೋದಿದ್ರೆ ಈಗ್ಲೇ ಇಳ್ದುಬಿಡು."

ಸೀನ ಬನಿಯನ್ನಿನಲ್ಲೇ ಓಡಿಬಂದ. ಹಾರೆಗೆ ಕೈ ಹಾಕಿದ, ನಾನು ಕೊಡಲಿಲ್ಲ. ಕೆಳಗಿನ ಮೂರೂ ಒಡೆದೆ, ಮಧ್ಯೆ ಎರಡು ಸಲ ಕೂತು ಉಸಿರು ತೆಗೆದುಕೊಂಡೆ. ಗಾಡಿ ಇನ್ನೂ ಹಿತ್ತಲಲ್ಲೇ ಇತ್ತು, ಹೊರಬರಲು ಆ ಸಂದಿಯೊಂದೇ ದಾರಿ. ಸಂದಿಯ ತುಂಬ ಇಟ್ಟಿಗೆ ಚೂರು ಬಿದ್ದಿತ್ತು, ಸೈಕಲ್ಲೂ ದಾಟುವಂತಿರಲಿಲ್ಲ.

"ಹೋಗು, ಬಾಬು ಭಾಯಿನ ಕರ್ಕೊಂಡ್ ಬಾ" ಅಂದೆ.

ಬಾಬು ಭಾಯಿ ಬಂದು, ಜಾಕಿ ಇಟ್ಟು, ಎರಡು ಚಕ್ರವನ್ನೂ ಹೊರಕ್ಕೆ ತಿರುವಿ ನಟ್ಟು ಬಿಗಿಯುವವರೆಗೆ ಆ ರಾಶಿಯಲ್ಲಿ ಒಂದು ಚೂರನ್ನೂ ನಾನು ಎತ್ತಲಿಲ್ಲ, ಎತ್ತಲು ಯಾರನ್ನೂ ಬಿಡಲಿಲ್ಲ.