ರಾಯಚೂರು–ದೇವದುರ್ಗ ಮ್ಯೂಚುವಲ್

ಕಳೆದ ಜೂನ್‌ನಲ್ಲಿ ನನ್ನನ್ನು ದೇವದುರ್ಗಕ್ಕೆ ಕೊಟ್ಟರು.

ಕೊಟ್ಟರು ಎಂದರೆ ನಮ್ಮ ಕಡೆ ಹೆಣ್ಣು ಕೊಡುತ್ತಾರಲ್ಲ, ಹಾಗೆ. ಬಾಜಾ ಬಜಂತ್ರಿ ಇರಲಿಲ್ಲ, ಅಷ್ಟೇ ವ್ಯತ್ಯಾಸ. ನನ್ನನ್ನು ಅಲ್ಲಿಗೆ ಕೊಟ್ಟು ಅಲ್ಲಿಂದ ಒಬ್ಬನನ್ನು ತಂದುಕೊಂಡರು. ಕೊಟ್ಟವರು ಸರಕಾರದವರಲ್ಲ, ನಮ್ಮ ಸಾಹೇಬರೂ ಅಲ್ಲ. ರಾಯಚೂರಿನ ಬಾಸ್ಕೆಟ್‌ಬಾಲ್ ಅಭಿಮಾನಿಗಳು.

ಈ ಅಂಕಣವನ್ನು ಬಿಡದೆ ಓದುವವರು ಗಮನಿಸಿದ್ದೀರಿ. ಬರಹದ ಕೆಳಗೆ ಊರಿನ ಹೆಸರು ಬದಲಾಗಿದೆ. ಕೆಲವರು ಕಾರ್ಡು ಹಾಕಿ ‘ಪ್ರಮೋಷನ್ನೇ?’ ಎಂದು ಕೇಳಿದಿರಿ. ಒಬ್ಬರು ‘ಪನಿಶ್‌ಮೆಂಟೇ?’ ಎಂದೂ ಕೇಳಿದರು. ಎರಡೂ ಅಲ್ಲ. ಇಷ್ಟು ದಿನ ಹೇಳಿಕೊಳ್ಳುವ ಮನಸ್ಸಿರಲಿಲ್ಲ. ಮೊನ್ನೆ ಭಾನುವಾರ ರಾಯಚೂರಿಗೆ ಹೋಗಿಬಂದ ಮೇಲೆ ಹೇಳದೆ ಇರಲು ಆಗುತ್ತಿಲ್ಲ.

ಆಟದ ದಿನಗಳಲ್ಲಿ ನಮ್ಮ ಊರಿನ ಅಭಿಮಾನಿಗಳು ಪಾಪದವರು. ಚಪ್ಪಾಳೆ ಹೊಡೆಯುತ್ತಾರೆ, ರೆಫ್ರಿಯನ್ನು ಬೈಯುತ್ತಾರೆ, ಮನೆಗೆ ಹೋಗುತ್ತಾರೆ. ಅವರ ನಿಜವಾದ ಸೀಸನ್ ಶುರುವಾಗುವುದು ಬೇಸಿಗೆಯಲ್ಲಿ, ಆಟವೇ ಇಲ್ಲದಾಗ. ಮೈದಾನದ ಸಿಮೆಂಟು ಕಾದು ಕಾಲಿಡಲು ಆಗುವುದಿಲ್ಲ. ಎದುರಿನ ಚಾದಂಗಡಿಯ ಕಟ್ಟೆಯ ಮೇಲೆ ಸಂಜೆ ಒಂದಿಷ್ಟು ಮಂದಿ ಕೂಡುತ್ತಾರೆ. ಮುಂದೆ ಮಂಡಾಳ ಒಗ್ಗರಣೆ, ಮಿರ್ಚಿ. ಯಾರನ್ನು ಇಟ್ಟುಕೊಳ್ಳಬೇಕು, ಯಾರನ್ನು ಬಿಡಬೇಕು, ಯಾರನ್ನು ತರಬೇಕು ಎಂದು ಮಾತು ಶುರು.

ದೊಡ್ಡ ಊರುಗಳಲ್ಲಿ ಆಟಗಾರರನ್ನು ಹೇಗೆ ತರುತ್ತಾರೋ ನನಗೆ ಗೊತ್ತಿಲ್ಲ. ನಮ್ಮಲ್ಲಿ ಆಡುವವರೆಲ್ಲ ಸರಕಾರಿ ನೌಕರರು. ಗುಮಾಸ್ತರು, ಟೈಪಿಸ್ಟರು, ಒಬ್ಬ ಕಂಪೌಂಡರು. ನಮ್ಮ ದಸರಾ ಟೂರ್ನಮೆಂಟಿನ ನಿಯಮವೂ ಸರಳ. ನೌಕರಿ ಯಾವ ತಾಲೂಕಿನಲ್ಲೋ ಆಟ ಆ ತಾಲೂಕಿಗೆ. ಹಾಗಾಗಿ ಆಟಗಾರ ಬೇಕೆಂದರೆ ಅವನಿಗೆ ವರ್ಗವಾಗಬೇಕು. ಜೂನ್ ತಿಂಗಳು ವರ್ಗಾವಣೆಯ ತಿಂಗಳು. ನೌಕರರ ಮನೆಗಳಲ್ಲಿ ಊಟ ಸೇರದ ಆ ತಿಂಗಳಲ್ಲಿ ನಮ್ಮ ಕಟ್ಟೆಯ ಮೇಲೆ ಹಬ್ಬ.

ನೌಕರಿ ಇಲ್ಲದವರ ಕಥೆ ಬೇರೆ. ಅವರಿಗೆ ಕಟ್ಟೆಯ ಮೇಲೆ ‘ಖಾಲಿ’ ಎಂದು ಹೆಸರು. ‘ಹುಡುಗ ಖಾಲಿ ಅದಾನ’ ಎಂದು ಯಾರಾದರೂ ಸುದ್ದಿ ತಂದರೆ ಎಲ್ಲರ ಮುಖ ಅರಳುತ್ತದೆ. ಗಿಲ್ಲೆಸುಗೂರಿನ ಒಬ್ಬ ಹುಡುಗ ಹಾಗೆ ಸಿಕ್ಕಿದ್ದ. ಬಿ.ಎ. ಪಾಸು, ಗಳುವಿನಂಥ ಎತ್ತರ, ಕೆಲಸವಿಲ್ಲ. ಅಕ್ಕಿ ಗಿರಣಿಯ ಶರಣಪ್ಪ ಸಾಹುಕಾರರು (ನಮಗೆ ಬನಿಯನ್ನು ಹೊಲಿಸಿಕೊಡುವವರು ಇವರೇ) ಅವನನ್ನು ಗಿರಣಿಯಲ್ಲಿ ತಕ್ಕಡಿಯ ಮುಂದೆ ಕೂರಿಸಿದರು. ಎರಡು ಸೀಸನ್ ಆಡಿದ. ಅವನ ತಾಯಿ ವಾರ ವಾರ ಉಪವಾಸ ಮಾಡಿ ಮಗನಿಗೆ ನೌಕರಿ ಸಿಗಲಿ ಎಂದು ಬೇಡುತ್ತಿದ್ದಳು. ಇತ್ತ ಕಟ್ಟೆಯವರೂ ಬೇಡುತ್ತಿದ್ದರು, ಸಿಗದಿರಲಿ ಎಂದು. ಕಳೆದ ವರ್ಷ ಅವನಿಗೆ ಬಳ್ಳಾರಿಯಲ್ಲಿ ನೌಕರಿಯಾಯಿತು. ಅವರ ಮನೆಯಲ್ಲಿ ಪೇಢೆ ಹಂಚಿದರು. ನಮ್ಮ ಕಟ್ಟೆಯಲ್ಲಿ ಸೂತಕ.

ಆ ವರ್ಷವೂ ಮಾನ್ವಿಯವರು ನಮ್ಮನ್ನು ಸೋಲಿಸಿದರು. ರಿಂಗಿನ ಕೆಳಗೆ ನಮ್ಮವರು ಯಾರೂ ಅವರ ಎತ್ತರಕ್ಕೆ ಬರಲಿಲ್ಲ. (ನನ್ನ ಹೆಂಡತಿ ಪಾರ್ವತಿಯ ತವರು ಮಾನ್ವಿ. ಆ ರಾತ್ರಿ ಅವಳು ಸಿಹಿ ಮಾಡಿದ್ದಳು. ಕಾಕತಾಳೀಯ ಅಂದಳು.) ಅಂದಿನಿಂದ ಕಟ್ಟೆಯವರಿಗೆ ಒಂದೇ ಚಿಂತೆ, ಎತ್ತರದವನೊಬ್ಬ ಬೇಕು.

ಸಿಕ್ಕ. ಹನುಮೇಶ ಅಂತ, ಕುರ್ಡಿಯ ಹುಡುಗ. ಧಾರವಾಡದಲ್ಲಿ ಓದುವಾಗ ಕಾಲೇಜಿಗೆ ಆಡಿದವನು. ನೌಕರಿ ದೇವದುರ್ಗದಲ್ಲಿ. ಅಲ್ಲಿ ಬಾಸ್ಕೆಟ್‌ಬಾಲ್ ಮೈದಾನವೇ ಇಲ್ಲ, ಆಡುವುದೆಲ್ಲ ವಾಲಿಬಾಲು, ಕಬಡ್ಡಿ. ಯಾವ ಇಲಾಖೆ ಎಂದು ವಿಚಾರಿಸಿದರು. ನನ್ನದೇ ಇಲಾಖೆ. ಯಾವ ಹುದ್ದೆ? ನನ್ನದೇ ಹುದ್ದೆ, ಎರಡನೇ ದರ್ಜೆ ಗುಮಾಸ್ತ.

ಸರಕಾರಿ ನೌಕರರಿಗೆ ಮುಂದಿನದು ಹೇಳಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ಒಂದೇ ಹುದ್ದೆಯ ಇಬ್ಬರು ಒಪ್ಪಿ, ನಾನು ಅವನ ಜಾಗಕ್ಕೆ ಅವನು ನನ್ನ ಜಾಗಕ್ಕೆ ಎಂದು ಅರ್ಜಿ ಕೊಟ್ಟರೆ ಅದಕ್ಕೆ ಮ್ಯೂಚುವಲ್ ಅನ್ನುತ್ತಾರೆ. ಮಂತ್ರಿಯ ಶಿಫಾರಸು ಬೇಡ, ಯಾರ ಕೈಕಾಲೂ ಹಿಡಿಯಬೇಕಾಗಿಲ್ಲ. ಕಟ್ಟೆಯವರಿಗೆ ಇದು ಗೊತ್ತಾದ ದಿನ ನಾನೂ ಅಲ್ಲೇ ಇದ್ದೆ, ಕೈಯಲ್ಲಿ ಚಾ ಹಿಡಿದುಕೊಂಡು.

ನೀವು ಎಂದಾದರೂ ನಿಮ್ಮ ಬಗ್ಗೆಯೇ ನಡೆಯುವ ಚರ್ಚೆಯಲ್ಲಿ ಚಾ ಕುಡಿಯುತ್ತ ಕೂತಿದ್ದೀರಾ?

“ರುದ್ರಪ್ಪನ್ನ ಕೊಟ್ರ ಆಟ ಕಟ್ಟೋರು ಯಾರ್ರೀ? ಹುಡುಗ್ರು ಅವನ ಮಾತು ಕೇಳ್ತಾವ,” ಅಂದರು ಶರಣಪ್ಪ ಸಾಹುಕಾರರು. ರುದ್ರಪ್ಪ ಅಂದರೆ ನಾನು. ಅವರ ಪಕ್ಕದಲ್ಲೇ ಕೂತಿದ್ದೆ.

“ವಯಸ್ಸಾತು. ಮೊಣಕಾಲು ಹೋಗ್ಯಾವ,” ಅಂದರು ಇನ್ನೊಬ್ಬರು.

“ಹೋಗಿಲ್ರೀ. ನೋಯ್ತಾವ, ಅಷ್ಟ,” ಅಂದೆ. ಯಾರೂ ನನ್ನ ಕಡೆ ನೋಡಲಿಲ್ಲ.

ಮಾತು ಬೆಳೆಯಿತು. ಬೇಡ ಎನ್ನುವವರು ಅರ್ಧ, ಬೇಕು ಎನ್ನುವವರು ಅರ್ಧ. ಕೊನೆಗೆ ಎಲ್ಲರೂ ಮೌಲಾಸಾಬ್‌ನ ಕಡೆ ತಿರುಗಿದರು.

ಮೌಲಾಸಾಬ್‌ಗೆ ಬಜಾರಿನಲ್ಲಿ ಬಳೆ ಅಂಗಡಿ. ನಾನು ಆಡಲು ಶುರುಮಾಡಿದಾಗಿನಿಂದ ಅವನು ನೋಡಲು ಶುರುಮಾಡಿದ್ದಾನೆ. ನಮ್ಮ ಬಾಲು, ಪಂಪು ಎರಡೂ ಅವನ ಅಂಗಡಿಯಲ್ಲಿ, ಬಳೆ ಡಬ್ಬಿಗಳ ಹಿಂದೆ ಇರುತ್ತವೆ. ನನಗೆ ಮೈದಾನದಲ್ಲಿ ಹಣೆ ಒಡೆದಾಗ ಸೈಕಲ್ ಮೇಲೆ ಕೂರಿಸಿಕೊಂಡು ದವಾಖಾನೆಗೆ ತುಳಿದವನು ಅವನು. ರಂಜಾನ್‌ನಲ್ಲಿ ನನ್ನ ಮಗಳಿಗೆ ಬೇರೆಯೇ ಡಬ್ಬಿಯಲ್ಲಿ ಸುರಕುಂಬಾ ಪಾಯಸ ಬರುತ್ತದೆ. ಗೆಳೆಯ ಎನ್ನುವುದು ಇಂಥವನನ್ನಲ್ಲದೆ ಇನ್ನಾರನ್ನು? ಅವನು ಏನನ್ನುತ್ತಾನೆಂದು ನನಗೆ ಅನುಮಾನವೇ ಇರಲಿಲ್ಲ. ಚಾ ಮುಗಿಸಿ ಗ್ಲಾಸು ಕೆಳಗಿಟ್ಟೆ.

“ಕೊಟ್ಟುಬಿಡ್ರಿ,” ಅಂದ.

ನನ್ನ ಕಡೆ ತಿರುಗಿದ. “ಬ್ಯಾಸರ ಮಾಡ್ಕೋಬ್ಯಾಡ ರುದ್ರಣ್ಣ. ಆಟ ಕಟ್ಟಿದ್ದು ಸಾಕು, ಬಾಲ್ ರಿಂಗಿನ್ಯಾಗ ಬೀಳಬೇಕಲ್ಲ. ದಸರಾ ಒಂದು ಮುಗೀಲಿ, ಯಾರನ್ನರ ಹುಡುಕಿ ನಿನ್ನ ಹೊಳ್ಳಿ ತರ್ತೀವಿ. ನನ್ನ ಮಾತು.”

ಬೇರೆಯವರು ಅಂದಿದ್ದರೆ ಜಗಳವಾಡುತ್ತಿದ್ದೆ. ಅಂದವನು ಮೌಲಾಸಾಬ್. ಬಹಳ ದುಃಖವಾಯಿತು, ಸುತ್ತಿ ಬಳಸಿ ಯಾಕೆ ಹೇಳಲಿ? ಇಲ್ಲ ಎಂದಿದ್ದರೆ ಊರು ಸೋಲಲಿ ಎಂದ ಹಾಗಾಗುತ್ತಿತ್ತು. ಆಯಿತು ಅಂದೆ.

ಮನೆಗೆ ಬಂದು ಪಾರ್ವತಿಗೆ ಹೇಳಿದೆ. ಅಕ್ಕಿ ಆರಿಸುತ್ತಿದ್ದಳು. ಮೊರದಿಂದ ತಲೆ ಎತ್ತಲಿಲ್ಲ.

“ನಿಮ್ಮನ್ನ ಕೇಳಿದ್ರೇನು?” ಅಂದಳು.

“ನನ್ನ ಮುಂದನ ಮಾತಾಡಿದ್ರು.”

“ಪುಣ್ಯವಂತರು ನೀವು. ನನ್ನ ಮಾನ್ವಿಯಿಂದ ರಾಯಚೂರಿಗಿ ಕೊಡೋ ಮುಂದ ನಾನು ಅಡಗಿ ಮನ್ಯಾಗಿದ್ದೆ.”

ಮರುದಿನ ಅರ್ಜಿ ಬರೆಯಲು ಕೂತೆ.

ಅರ್ಜಿಯಲ್ಲಿ ಒಂದು ಮಾತು ಬರೆಯಲೇಬೇಕು, ‘ಸ್ವಂತ ಕೋರಿಕೆಯ ಮೇರೆಗೆ’. ಹಾಗೆ ಬರೆದರೆ ಸಾಮಾನು ಸಾಗಿಸುವ ಖರ್ಚು ಸಿಗುವುದಿಲ್ಲ, ಸೀನಿಯಾರಿಟಿಯೂ ತಳಕ್ಕೆ ಹೋಗುತ್ತದೆ. ಕೇಳಿಕೊಂಡು ಹೋದವನಿಗೆ ಸರಕಾರ ಯಾಕೆ ಕೊಡಬೇಕು, ಸರಿಯೇ. ಬರೆಯುತ್ತಾ ಅನ್ನಿಸಿತು, ನಮ್ಮ ಬದುಕಿನಲ್ಲಿ ಎಷ್ಟು ಸಂಗತಿಗಳು ಹೀಗೆ ಸ್ವಂತ ಕೋರಿಕೆಯ ಮೇರೆಗೆ ನಡೆದಿವೆ? ಕೋರಿದವರು ಯಾರೋ, ಸಹಿ ಮಾತ್ರ ನಮ್ಮದು. ಮದುವೆಯಲ್ಲಿ, ಮನೆ ಪಾಲಾಗುವಾಗ, ಅಣ್ಣನಿಗಾಗಿ ಓದು ಬಿಡುವಾಗ, ನಗುನಗುತ್ತ ‘ನನಗೇನೂ ಬೇಸರವಿಲ್ಲ’ ಎಂದು ಹೇಳುವವರನ್ನು ನೀವು ನೋಡಿಲ್ಲವೇ? ನಾನೂ ಹಾಗೆಯೇ ನಗುತ್ತ ಸಹಿ ಮಾಡಿದೆ.

ದೇವದುರ್ಗ ಕೆಟ್ಟ ಊರಲ್ಲ. ಜನ ಒಳ್ಳೆಯವರು. ಆದರೆ ನಮಗೆ ಸಿಕ್ಕ ಮನೆಗೆ ನಲ್ಲಿ ಇಲ್ಲ. ಪಾರ್ವತಿ ಎರಡು ಓಣಿ ದಾಟಿ ನೀರು ತರುತ್ತಾಳೆ. ಮಗಳಿಗೆ ಶಾಲೆಯಲ್ಲಿ ಇನ್ನೂ ಜೊತೆ ಸಿಕ್ಕಿಲ್ಲ. ಒಂದು ದಿನ ಊಟಕ್ಕೆ ಕೂತಾಗ, “ನಾವು ಯಾಕ ಇಲ್ಲಿಗಿ ಬಂದೀವಿ?” ಎಂದು ಕೇಳಿತು ಕೂಸು.

“ನಿಮ್ಮಪ್ಪ ನಾಕು ಬೆರಳು ಗಿಡ್ಡ ಅದಾರ, ಅದಕ್ಕ,” ಅಂದಳು ಪಾರ್ವತಿ.

ಆಫೀಸಿನಲ್ಲಿ ನಾನು ರಾಯಚೂರಿನಿಂದ ಬಂದ ಗುಮಾಸ್ತರು. ಆಡುತ್ತಿದ್ದೆ ಎಂದು ಅಲ್ಲಿ ಯಾರಿಗೂ ತಿಳಿಯದು. ನಾನೂ ಹೇಳಿಲ್ಲ. ಹೇಳಿದರೆ ಯಾಕೆ ಬಿಟ್ಟಿರಿ ಎಂದು ಕೇಳುತ್ತಾರೆ. ಸಂಜೆ ಐದೂವರೆಗೆ ಫೈಲು ಮುಚ್ಚಿದ ಮೇಲೆ ಏನು ಮಾಡಬೇಕೆಂದು ತೋಚುವುದಿಲ್ಲ. ಬಸ್‌ಸ್ಟ್ಯಾಂಡಿನವರೆಗೆ ನಡೆಯುತ್ತೇನೆ. ಗಂಟುಮೂಟೆ ಹೊತ್ತು ದುಡಿಯಲು ದೂರದ ಊರುಗಳಿಗೆ ಹೊರಟ ಜನ ಅಲ್ಲಿ ಬಸ್ಸಿಗೆ ಕಾಯುತ್ತಿರುತ್ತಾರೆ. ಹೊಟ್ಟೆಪಾಡಿಗೆ ಊರು ಬಿಡುವ ಅವರ ಎದುರು ನನ್ನ ಗೋಳು ಗೋಳೇ ಅಲ್ಲ, ಗೊತ್ತು. ಗೊತ್ತಿದ್ದ ಮಾತ್ರಕ್ಕೆ ಹೋಗುತ್ತದೆಯೇ?

ದಸರಾ ಬಂತು. ಫೈನಲ್ಲಿಗೆ ರಾಯಚೂರು, ಮಾನ್ವಿ. ಭಾನುವಾರ ಮುಂಜಾನೆ ಹೊರಟೆ. ಪಾರ್ವತಿ ಬಾಗಿಲ ತನಕ ಬಂದಳು.

“ಆಟ ನೋಡ್ರಿ, ಚಪ್ಪಾಳಿ ಹೊಡೀರಿ, ಎಲ್ಲಾ ಮಾಡ್ರಿ. ಹೊಳ್ಳಿ ತರ್ತೀನಿ ಅಂದಿದ್ರಲ್ಲ ನಿಮ್ಮ ಮೌಲಾಸಾಬ್, ಯಾವಾಗ ಅಂತ ಕೇಳ್ಕೊಂಡ ಬರ್ರಿ.”

ಬಸ್ಸು ಗಬ್ಬೂರು ದಾಟುವವರೆಗೂ ಆ ಪ್ರಶ್ನೆಯನ್ನು ಹೇಗೆ ಕೇಳಬೇಕೆಂದು ಮನಸ್ಸಿನಲ್ಲೇ ಹೊಂದಿಸುತ್ತಿದ್ದೆ. ಭಿಕ್ಷೆಯ ಹಾಗೆ ಇರಬಾರದು. ತಮಾಷೆಯಲ್ಲಿ ಕೇಳಿದರೆ ತಮಾಷೆಯಲ್ಲೇ ಹೋಗಿಬಿಡಬಹುದು. ನೇರವಾಗಿ ಕೇಳುವುದೇ ಸರಿ ಅನ್ನಿಸಿತು.

ಇಷ್ಟು ವರ್ಷ ಮೈದಾನದ ಒಳಗಿದ್ದವನು ಮೊದಲ ಸಲ ಹೊರಗೆ, ಮೌಲಾಸಾಬ್‌ನ ಪಕ್ಕದಲ್ಲಿ ಕೂತೆ. ಅವನು ಹೆಗಲ ಮೇಲೆ ಕೈ ಹಾಕಿದ, ಶೇಂಗಾ ಕೊಟ್ಟ. ಹನುಮೇಶ ಆಡಿದ. ಹೇಗೆ ಆಡಿದ ಅಂತೀರಿ? ಬೋರ್ಡಿಗೆ ಬಡಿದು ಬಂದ ಬಾಲೆಲ್ಲ ಅವನದೇ. ಮಾನ್ವಿಯವರು ಅವನ ಸುತ್ತ ಕೈ ಎತ್ತಿ ಎತ್ತಿ ದಣಿದರು. ನನ್ನ ಜಾಗದಲ್ಲಿ ನಾನು ಹತ್ತು ವರ್ಷದಲ್ಲಿ ಮಾಡದ್ದನ್ನು ಅವನು ಒಂದು ಮಧ್ಯಾಹ್ನದಲ್ಲಿ ಮಾಡಿದ. ಗೆದ್ದೆವು. ಎಲ್ಲರೂ ಎದ್ದು ನಿಂತು ಚಪ್ಪಾಳೆ ಹೊಡೆದರು, ನಾನೂ ಹೊಡೆದೆ. ಮೌಲಾಸಾಬ್ ಹೇಳಿದ್ದು ಸರಿಯಾಗಿತ್ತು. ತಪ್ಪಾಗಿದ್ದರೆ ಇಷ್ಟು ನೋಯುತ್ತಿರಲಿಲ್ಲವೇನೋ.

ಹನುಮೇಶ ಹಾರ ಹಾಕಿಕೊಂಡೇ ನನ್ನ ಹತ್ತಿರ ಬಂದ. ಒಳ್ಳೆಯ ಹುಡುಗ.

“ಸರ್, ಅಲ್ಲಿ ಮನಿ ಛಲೋ ಸಿಕ್ಕದ ಏನ್ರೀ? ನಾ ಇದ್ದ ಖೋಲಿ ತಗೊಂಡ್ರ ಛಲೋ ಇತ್ತು ನೋಡ್ರಿ. ಅಲ್ಲಿ ನೀರು ಬರ್ತಾವ.”

“ಇರಲಿ ಬಿಡಪ್ಪಾ. ಛಲೋ ಆಡಿದಿ,” ಅಂದೆ. ಮನಸ್ಸಿನಿಂದಲೇ ಅಂದೆ.

ಆಮೇಲೆ ಎಲ್ಲರೂ ಕಟ್ಟೆಗೆ ಬಂದರು. ಶರಣಪ್ಪ ಸಾಹುಕಾರರು ಎಲ್ಲರಿಗೂ ಮಿರ್ಚಿ ಹೇಳಿದರು. ಗೆದ್ದು ಒಂದು ತಾಸೂ ಆಗಿರಲಿಲ್ಲ, ಮುಂದಿನ ಜೂನ್‌ನ ಮಾತು ಆಗಲೇ ಶುರುವಾಗಿತ್ತು. ಕಂಪೌಂಡರ ದಮ್ಮು ಕಡಿಮೆಯಾಗಿದೆಯಂತೆ. ಲಿಂಗಸುಗೂರಿನಲ್ಲಿ ಯಾರೋ ಒಬ್ಬ ಖಾಲಿ ಇದ್ದಾನಂತೆ. ಪಾಪ, ಕಂಪೌಂಡರ್ ಅಲ್ಲೇ ಕೂತು ಮಿರ್ಚಿ ತಿನ್ನುತ್ತಿದ್ದ.

ಕೊನೆಯ ಬಸ್ಸಿಗೆ ಹೊತ್ತಾಗುತ್ತಿತ್ತು. ನಾನು ಎದ್ದೆ. ಮೌಲಾಸಾಬ್‌ನೂ ಎದ್ದು, ನನ್ನನ್ನು ಕರೆದುಕೊಂಡು ಬೇವಿನ ಗಿಡದ ಕಡೆ ಬಂದ. ಕಟ್ಟೆಯವರಿಗೆ ಕೇಳಿಸದಷ್ಟು ದೂರ ಬಂದ ಮೇಲೆ ನಿಂತ. ನಾನು ಬಾಯಿ ತೆರೆಯುವ ಮೊದಲೇ ಅವನೇ ಅಂದ:

“ರುದ್ರಣ್ಣ, ಒಂದು ಮಾತು ಕೇಳಬೇಕಂತ ಬೆಳಿಗ್ಗಿಂದ ಕಾಯಾಕತ್ತೀನಿ.”

ಮರೆತಿಲ್ಲ ಇವನು. ಪಾರ್ವತಿಗೆ ಏನು ಹೇಳಬೇಕೆಂದು ಕೂಡ ಆ ಗಳಿಗೆಯಲ್ಲೇ ಹೊಳೆದುಬಿಟ್ಟಿತು. ಮಗಳ ಹಳೆಯ ಶಾಲೆಯಲ್ಲಿ ಹೆಡ್‌ಮಾಸ್ತರರನ್ನು ಕೇಳಿ ಬರಬೇಕಿತ್ತು ಅಂದುಕೊಂಡೆ.

“ಕೇಳು ಮೌಲಾ,” ಅಂದೆ.

“ಹನುಮೇಶ ಒಬ್ಬನ ಮ್ಯಾಲೆ ಬರೋ ವರ್ಷ ನಡ್ಯಾಂಗಿಲ್ಲ. ಇನ್ನೊಬ್ಬನ್ನ ತರಬೇಕು. ನಿಮ್ಮ ದೇವದುರ್ಗದ ಆಫೀಸಿನಾಗ ಛಲೋ ಆಡೋರು ಯಾರರ ಅದಾರೇನು?”

ನೀವೇ ಹೇಳಿ, ಆ ಆಫೀಸಿನಲ್ಲಿ ನಾನೂ ಇದ್ದೇನಲ್ಲವೇ?