ಹಂಪನಕಟ್ಟೆಯ ಗ್ರಾಫಿಕ್ಸ್ ಕಾರ್ಡಿನವರು

ಮಂಗಳೂರಿನ ಹಂಪನಕಟ್ಟೆಯ ಆ ಕಂಪ್ಯೂಟರ್ ಅಂಗಡಿಯವರು ಯಾವ ಯಂತ್ರ ಕೊಟ್ಟರೂ ಮೊದಲು ಅದರ ಬೆನ್ನು ತಿರುಗಿಸಿ ನೋಡುತ್ತಿದ್ದರು, ನಾನು ಮೀನು ಕೊಳ್ಳುವಾಗ ತಾಜಾ ಉಂಟಾ ಎಂದು ಕಿವಿರು ಎತ್ತಿ ನೋಡುವ ಹಾಗೆ. "ಅವಸರ ಬೇಡ, ನೋಡುವ" ಎಂಬುದು ಅವರ ಮಾತು.

ನನ್ನ ಮೊಮ್ಮಗಳಿಗೆ ಕಿವಿ ಕೇಳುವುದಿಲ್ಲ. ತನ್ನಂಥ ಮಕ್ಕಳಿಗೆ ಅವಳು ಕೈಸನ್ನೆಯ ಪಾಠಗಳ ವೀಡಿಯೊ ಮಾಡುತ್ತಾಳೆ. ಅವಳ ಮಿನಿ ಪಿಸಿಯಲ್ಲಿ ಅದು ತಡೆದು ತಡೆದು ಓಡುತ್ತಿತ್ತು. ಬೆರಳು ಸರಿಯಾಗಿ ಕಾಣದೆ, ಪಾಠ ಜೋಡಿಸುವುದನ್ನೇ ನಿಲ್ಲಿಸಿಬಿಟ್ಟಿದ್ದಳು. ಅವಳನ್ನೂ ಪಿಸಿಯನ್ನೂ ಕರಕೊಂಡು ಆ ಅಂಗಡಿಗೆ ಹೋದೆ.

"ಹೊರಗಿನಿಂದ ಸಿಕ್ಕಿಸುವ ಗ್ರಾಫಿಕ್ಸ್ ಕಾರ್ಡ್ ಉಂಟಲ್ಲ, ದೊಡ್ಡದೇ ಕೊಡಿ" ಎಂದೆ.

"ಅವಸರ ಬೇಡ ಅಮ್ಮ. ಈ ಪಿಸಿಯಲ್ಲಿ ಕಾರ್ಡ್ ಸಿಕ್ಕಿಸುವ ಕಿಂಡಿ ಸಣ್ಣದು. ಎಷ್ಟು ದೊಡ್ಡ ಕಾರ್ಡ್ ಹಾಕಿದ್ರೂ ಅದರಲ್ಲಿ ಇಷ್ಟೇ ಹೋಗುವುದು. ಮಧ್ಯದ್ದು ಸಾಕು."

"ಇರುವುದು ಒಬ್ಬಳೇ ಮೊಮ್ಮಗಳು ಮಾರಾಯ್ರೆ!"

"ಅದಕ್ಕೇ ಹೇಳುವುದು."

ಮಾನಿಟರನ್ನು ಆ ಕಾರ್ಡಿಗೇ ಸಿಕ್ಕಿಸಿ ಅವಳ ಪಾಠ ಹಾಕಿದರು. ಅಬ್ಬಾ, ಒಂದೊಂದು ಬೆರಳೂ ಬೇರೆ ಬೇರೆ ಕಂಡಿತು! ಅದು 'ಅಜ್ಜಿ' ಎಂದು ಹೇಳುವ ಸನ್ನೆಯ ಪಾಠ. ಅವರು ಅದನ್ನು ಇನ್ನೊಮ್ಮೆ ಹಾಕಿ ನೋಡಿದರು. ಆಮೇಲೆ ಮೊಮ್ಮಗಳ ಕಡೆ ತಿರುಗಿ, ನನ್ನನ್ನು ತೋರಿಸಿ, ಅದೇ ಸನ್ನೆ ಮಾಡಿದರು.

ಮೊಮ್ಮಗಳ ಮುಖ ಅರಳಿಹೋಯಿತು. ಮುಂದೆ ಬಂದು ಅವರ ಹೆಬ್ಬೆರಳನ್ನು ಸ್ವಲ್ಪ ಸರಿಮಾಡಿದಳು. ಟೀಚರಲ್ಲವೇ!